ದಾಸನ ಪಟ್ಟು

ನನ್ನ ಮೊಮ್ಮಗಳು ಚಂದನ ಮಂಡ್ಯದಲ್ಲಿ ಏಳನೇ ತರಗತಿ ಓದುತ್ತಾಳೆ. ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪವಿದೆ. ಮದುವೆಯಿಲ್ಲದ ದಿನ ಅದರ ಊಟದ ಹಾಲ್‌ನಲ್ಲಿ ಟೇಬಲ್ಲುಗಳನ್ನು ಮೂಲೆಗೆ ಸರಿಸಿ ಕರಾಟೆ ಕಲಿಸುತ್ತಾರೆ. ಮೊನ್ನೆ ಅವಳು ಬೆಲ್ಟಿನ ಪರೀಕ್ಷೆಗೆಂದು ಒಂದು ಹಾಳೆ ತಂದು ನನ್ನ ಕೈಗಿಟ್ಟು, "ತಾತ, ನಾನು ಹೆಸರು ಅರ್ಥ ಎರಡೂ ಹೇಳ್ತೀನಿ. ತಪ್ಪಾದ್ರೆ ತಡಿ" ಎಂದು ಮುಂದೆ ನಿಂತಳು. ಎಲ್ಲ ಜಪಾನಿ ಹೆಸರುಗಳು. ಮಾಯೆಗೇರಿ ಎಂದರೆ ಎದುರಿಗೆ ಒದೆಯುವುದಂತೆ. ಮಾವಾಶಿಗೇರಿ ಎಂದರೆ ಸುತ್ತಿ ಒದೆಯುವುದು. ಉಶಿರೊಗೇರಿ ಎಂದರೆ ಹಿಂದಕ್ಕೆ ಒದೆಯುವುದು.

ಮೂವತ್ತು ವರ್ಷಕ್ಕೂ ಮಿಕ್ಕಿ ಮದ್ದೂರಿನ ಕಡೆಯ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಮಾಡಿದವನ ಕಿವಿ ನೋಡಿ, ಸುಮ್ಮನಿರಲಿಲ್ಲ. ಮಾಯೆಯ ಕೇರಿ ಯಾವುದು, ಉಸಿರಿನ ಕೇರಿ ಯಾವುದು ಎಂದು ಹುಡುಕತೊಡಗಿತು. ಕೇಳಿದರೆ, ಅವಳ ಮಾಸ್ತರು ಒದೆತಕ್ಕೆ 'ಕೇರಿ' ಅಂತಲೇ ಅನ್ನಬೇಕು, ಇನ್ನೊಂದು ಪದದ ಕೊನೆಗೆ ಸೇರಿದಾಗ ಮಾತ್ರ ಅದು 'ಗೇರಿ' ಆಗುತ್ತದೆ ಎಂದು ಹೇಳಿಕೊಟ್ಟಿದ್ದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಆದೇಶ ಸಂಧಿ ಕಣೇ ಇದು! ಮಳೆ ಪ್ಲಸ್ ಕಾಲ ಮಳೆಗಾಲ ಆದಂಗೆ!"

"ತಾತ, ಪರೀಕ್ಷೇಲಿ ಒದೀಬೇಕು. ಸಂಧಿ ಕೇಳಲ್ಲ" ಎಂದಳು ಚಂದನ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, "ನಿಮ್ಮ ಗರಡೀಲೂ ಹಿಂಗೆ ಹೆಸರಿದ್ವಾ?" ಎಂದು ಕೇಳಿದಳು.

ಇದ್ದವು. ನಾನು ಬೆರಳು ಮಡಿಸುತ್ತಾ ಎಣಿಸಿದೆ. ಧೋಬಿ ಪಛಾಡ್, ನಿಕಾಲ್, ಬಗಲ್ ಡೂಬ್, ಸವಾರಿ, ಕಲಾಜಂಗ್. ಒಂದು ಕೈಯ ಬೆರಳು ಮುಗಿದವು. ಆರನೆಯದಕ್ಕೆ ಬಾಯಿ ತೆರೆದವನು ಮುಚ್ಚಿಕೊಂಡೆ. "ಆರನೇದು?" ಎಂದಳು. ಮರೆತುಹೋಯಿತು ಎಂದೆ. ನಾನು ಆ ಮಗುವಿಗೆ ಹೇಳಿದ ಸುಳ್ಳುಗಳಲ್ಲಿ ಇದು ಚಿಕ್ಕದೇನಲ್ಲ. ಆರನೆಯದರ ಹೆಸರೊಂದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ನಮ್ಮಪ್ಪ ಬೋರೇಗೌಡ ಮಳವಳ್ಳಿಯ ಪೈಲ್ವಾನ. ಅವನ ಹೆಸರಿಗಿಂತ ಅವನ ಕಿವಿ ಹೆಚ್ಚು ಪ್ರಸಿದ್ಧ. ಎರಡೂ ಕಿವಿ ನೆಲಕ್ಕೆ ಉಜ್ಜಿ ಉಜ್ಜಿ ಒಣಗಿದ ಹುಣಸೆಹಣ್ಣಿನ ಉಂಡೆಯ ಹಾಗೆ ಮುದುಡಿಹೋಗಿದ್ದವು. ನನಗೆ ಒಂಬತ್ತು ತುಂಬಿದಾಗ ಅವನು ನನ್ನನ್ನೂ ಗರಡಿಗೆ ಎಳೆದುಕೊಂಡು ಹೋದ. ಗರಡಿಯ ಬಾಗಿಲು ಬಹಳ ಕುಳ್ಳು, ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ನಾನು ಬಗ್ಗದೆಯೇ ಹೋದೆ, ಅಷ್ಟು ಕುಳ್ಳಗಿದ್ದೆ. ಒಳಗೆ ಎಣ್ಣೆ, ಅರಿಸಿನ, ನಿಂಬೆರಸ ಹಾಕಿ ಹದ ಮಾಡಿದ ಕೆಮ್ಮಣ್ಣು, ಗೋಡೆಯ ಗೂಡಿನಲ್ಲಿ ಆಂಜನೇಯ. ಆ ಕೆಮ್ಮಣ್ಣನ್ನು ಮೈಗೆ ಹಚ್ಚಿಕೊಂಡವರು ಎಷ್ಟೋ ಜನ. ಹೆಚ್ಚಾಗಿ ತಿಂದವನು ನಾನೊಬ್ಬನೇ. ನನ್ನ ಜೋಡಿ ಎಂದು ನಿಲ್ಲಿಸಿದ ಹುಡುಗರೆಲ್ಲ ನನ್ನನ್ನು ಕವುಚಿಹಾಕಿ ಬೇರೆ ಜೋಡಿ ಹುಡುಕಿಕೊಂಡರು.

ಬೀಳುವ ವಿದ್ಯೆ ಬಿಟ್ಟರೆ ನನಗೆ ಹತ್ತಿದ್ದು ಹೆಸರುಗಳ ಹುಚ್ಚು. ಗರಡಿಯ ಉಸ್ತಾದರು ದಸ್ತಗೀರ್ ಸಾಬರು, ಎತ್ತುಗಳಿಗೆ ಲಾಳ ಕಟ್ಟುತ್ತಿದ್ದವರು. ಅವರ ಬಾಯಿಂದ ಉರ್ದುವಿನಲ್ಲಿ ಹೊರಟ ಹೆಸರು ನಮ್ಮ ಬಾಯಿಗೆ ಬರುವಷ್ಟರಲ್ಲಿ ಬೇರೆಯೇ ಆಗುತ್ತಿತ್ತು. ಎದುರಾಳಿಯನ್ನು ಹೆಗಲ ಮೇಲಿಂದ ಎತ್ತಿ ಮುಂದಕ್ಕೆ ಒಗೆಯುವುದು ಧೋಬಿ ಪಛಾಡ್. ಅಗಸರು ಬಟ್ಟೆ ಎತ್ತಿ ಕಲ್ಲಿಗೆ ಬಡಿಯುತ್ತಾರಲ್ಲ, ಹಾಗೆ. ನಾನು ಅದನ್ನು ಬಹಳ ದಿನ 'ದೋಬಿ ಪಚಡಿ' ಎಂದೇ ತಿಳಿದಿದ್ದೆ. ಸೌತೆಕಾಯಿ ಪಚಡಿಯಲ್ಲಿ ತಿರುಳು ನುಜ್ಜಾಗುತ್ತದೆ, ಇದರಲ್ಲಿ ಮನುಷ್ಯ ನುಜ್ಜಾಗುತ್ತಾನೆ, ಹೆಸರು ಸರಿಯಾಗಿಯೇ ಇದೆ ಅನ್ನಿಸುತ್ತಿತ್ತು. ಕಾಲ ಸಂದಿಯಿಂದ ನುಸುಳಿ ಹಿಂದಕ್ಕೆ ಹೋಗುವುದು ನಿಕಾಲ್. ಕಂಕುಳಡಿ ಮುಳುಗಿ ಆಚೆ ಏಳುವುದು ಬಗಲ್ ಡೂಬ್. ಆಳನ್ನು ಎರಡು ಹೆಗಲ ಮೇಲೂ ಅಡ್ಡ ಹೊತ್ತು ಕೆಡವುವುದು ಕಲಾಜಂಗ್. ಅದರ ಅರ್ಥ ಉಸ್ತಾದರಿಗೂ ಗೊತ್ತಿರಲಿಲ್ಲ. ಕಲೆ, ಜಂಗು, ಎರಡೂ ಸೇರಿ ತುಕ್ಕಿನ ಕಲೆ ಇರಬೇಕೆಂದು ನಾನೇ ತೀರ್ಮಾನಿಸಿಕೊಂಡೆ. ನಮ್ಮ ಆಲೆಮನೆಗಳ ಕಡೆಯ ಹುಡುಗರು ತಾವೇ ಕೆಲವು ಹೆಸರು ಸೇರಿಸಿದ್ದರು. ಮಗ್ಗುಲಿಗೆ ಕೈಕೊಟ್ಟು ಹೊರಳಿಸುವುದಕ್ಕೆ 'ಕೊಪ್ಪರಿಗೆ ಮಗುಚು' ಅನ್ನುತ್ತಿದ್ದರು, ಬೆಲ್ಲದ ಪಾಕವನ್ನು ಅಚ್ಚಿಗೆ ಸುರಿಯುವಾಗ ಮಾಡುವ ಹಾಗೆ.

ನಿಜ ಹೇಳಬೇಕೆಂದರೆ ಈ ಪಟ್ಟುಗಳನ್ನು ನಾನು ಸರಿಯಾಗಿ ನೋಡಿ ಕಲಿತದ್ದು ಗರಡಿಯಲ್ಲಲ್ಲ, ಕಿರುಗಾವಲಿನ ಒಂದು ನಡುಮನೆಯಲ್ಲಿ.

ಶನಿವಾರ ಆಂಜನೇಯನ ದಿನ. ಗರಡಿಯಲ್ಲಿ ಪೂಜೆ ಮಾತ್ರ, ಕುಸ್ತಿ ಇಲ್ಲ. ಪೂಜೆ ಮುಗಿದ ಕೂಡಲೇ ಅಪ್ಪ ಸೈಕಲ್ಲಿನ ಕಂಬಿಯ ಮೇಲೆ ನನ್ನನ್ನು ಕೂರಿಸಿಕೊಂಡು, ಹ್ಯಾಂಡಲ್ಲಿಗೆ ಹರಳೆಣ್ಣೆಯ ಸೀಸೆ ಕಟ್ಟಿಕೊಂಡು ಕಿರುಗಾವಲಿಗೆ ಹೊರಡುತ್ತಿದ್ದ. ಅಲ್ಲಿ ದಾಸು ಮಾವನ ಮನೆ. ಮಾವ ಎಂದರೆ ನೆಂಟಸ್ತಿಕೆಯ ಮಾವನಲ್ಲ, ಅಪ್ಪನ ಹಳೆಯ ಸ್ನೇಹಿತ ದಾಸಪ್ಪ. ಕುತ್ತಿಗೆಯಿಂದ ಕೆಳಗೆ ಅವನ ಮೈ ಸತ್ತುಹೋಗಿತ್ತು. ಎಡಗೈ ಮಾತ್ರ ಒಂದಿಷ್ಟು ಆಡುತ್ತಿತ್ತು. ಕಿಟಕಿಯ ಕೆಳಗೆ ಹಗ್ಗದ ಮಂಚದ ಮೇಲೆ ಮಲಗಿರುತ್ತಿದ್ದ. ಮಾಂಸ ಇಳಿದುಹೋಗಿದ್ದರೂ ಹೆಗಲ ಮೂಳೆಗಳ ಅಗಲ ನೋಡಿದರೆ ಒಂದು ಕಾಲಕ್ಕೆ ಎಂಥ ಆಳಾಗಿದ್ದ ಎಂದು ತಿಳಿಯುತ್ತಿತ್ತು. ಅವನನ್ನು ನೋಡಿಕೊಳ್ಳುತ್ತಿದ್ದವಳು ತಂಗಿ ನಿಂಗಮ್ಮ, ನಮಗೆ ನಿಂಗತ್ತೆ. 'ವಾತ ಹೊಡೆದದ್ದು' ಎಂದು ನಮ್ಮವ್ವ ಹೇಳಿದ್ದಳು. ನಾನು ಅದನ್ನೇ ನಂಬಿದ್ದೆ.

ವಾರಕ್ಕೊಮ್ಮೆ ಅಪ್ಪ ಅವನಿಗೆ ಎಣ್ಣೆ ತಿಕ್ಕಿ, ಬಚ್ಚಲಿಗೆ ಹೊತ್ತುಕೊಂಡು ಹೋಗಿ ನೀರು ಹಾಕುತ್ತಿದ್ದ. ಆರಡಿಯ ನಿರ್ಜೀವ ಮೈಯನ್ನು ಎತ್ತುವುದು, ಹೊರಳಿಸುವುದು ಸುಲಭವಲ್ಲ. ಅಪ್ಪನಿಗೆ ಎತ್ತಲು ಬರುತ್ತಿದ್ದ ರೀತಿ ಒಂದೇ, ಗರಡಿಯ ರೀತಿ. ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಲು ಮಗ್ಗುಲಾಗಿಸುವಾಗ ಕೊಪ್ಪರಿಗೆ ಮಗುಚು. ಬಚ್ಚಲಿಗೆ ಹೊರುವಾಗ ಕಲಾಜಂಗ್. ಮಲಗಿದ್ದವನು ಬಾಯಿ ಮುಚ್ಚಿಕೊಂಡಿರುತ್ತಿರಲಿಲ್ಲ.

"ಲೇ ಬೋರ, ಎಡಗಾಲು ಒಸಿ ಒಳೀಕಿಡ್ಲಾ. ಇಂಗ್ ಎತ್ತಿದ್ರೆ ಯಾವ ಜಟ್ಟಿ ಬಿದ್ದಾನು?"

"ನೀ ಬಾಯ್ ಮುಚ್ಚು. ಬಿದ್ದೋನು ನೀನು."

"ಸಿವ, ನೋಡ್ಕಳ್ಲಾ ಮಗ, ಇದು ಕಲಾಜಂಗು. ನಿಮ್ಮಪ್ಪಂಗೆ ಯಾವತ್ತೂ ಸರ್ಯಾಗಿ ಬರ್ನಿಲ್ಲ."

ಸಿವ ಎಂದರೆ ನಾನು, ಶಿವಣ್ಣ. ಹೆಗಲ ಮೇಲೆ ಅಡ್ಡ ನೇತಾಡುತ್ತಲೇ ದಾಸು ಮಾವ ನನಗೆ ಪಾಠ ಹೇಳುತ್ತಿದ್ದ. ನಾನು ನಗುತ್ತಿದ್ದೆ. ನಿಂಗತ್ತೆಯೂ ನಗುತ್ತಿದ್ದಳು. ಅಪ್ಪ ನಕ್ಕದ್ದು ನನಗೆ ನೆನಪಿಲ್ಲ. ಆಯಾಸಕ್ಕೆ ಇರಬೇಕು ಅಂದುಕೊಂಡಿದ್ದೆ.

ನನಗೆ ಹನ್ನೆರಡೋ ಹದಿಮೂರೋ ಇದ್ದಾಗ ಗರಡಿಯಲ್ಲಿ ದೊಡ್ಡ ಹುಡುಗರು ಗುಸುಗುಸು ಮಾಡುವುದು ಕಿವಿಗೆ ಬಿತ್ತು. ಒಬ್ಬ ಇನ್ನೊಬ್ಬನ ಕತ್ತನ್ನು ಕಂಕುಳಲ್ಲಿ ಸಿಕ್ಕಿಸಿ, ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿ, ಪಕ್ಕಕ್ಕೆ ಕೂರಲು ಹೊರಟಿದ್ದ. "ಬುಡ್ಲಾ, ಬುಡ್ಲಾ! ದಾಸನ ಪಟ್ಟು ಕಣ್ಲಾ ಅದು. ಬೋರಣ್ಣ ನೋಡಿದ್ರೆ ಚರ್ಮ ಸುಲಿತಾನೆ" ಎಂದು ಉಳಿದವರು ಎಳೆದು ಬಿಡಿಸಿದರು.

ದಾಸನ ಪಟ್ಟು! ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ನಮ್ಮ ದಾಸು ಮಾವ ತನ್ನ ಹೆಸರಿನದೇ ಒಂದು ಪಟ್ಟು ಕಂಡುಹಿಡಿದ ಮಹಾಶಯ, ಇಷ್ಟು ದಿನ ಒಬ್ಬರೂ ನನಗೆ ಹೇಳಲಿಲ್ಲವಲ್ಲ! ಮುಂದಿನ ಶನಿವಾರ ಎಣ್ಣೆ ತಿಕ್ಕುವ ಹೊತ್ತಿಗೆ ಮಂಚದ ಕಾಲು ಹಿಡಿದು ನಿಂತು ಕೇಳಿಯೇಬಿಟ್ಟೆ.

"ಮಾವ, ದಾಸನ ಪಟ್ಟು ಎಂಗ್ ಆಕೋದು? ಹೇಳ್ಕೊಡು."

ಅಪ್ಪನ ಕೈ ಎಣ್ಣೆಯಲ್ಲೇ ನಿಂತಿತು. ಎದ್ದು, ಎಣ್ಣೆಗೈಯಲ್ಲೇ ಹೊರಗೆ ಹೋದ. ದಾಸು ಮಾವ ಸೂರು ನೋಡುತ್ತಾ ಮಲಗಿದ್ದವನು ನನ್ನ ಕಡೆ ಕಣ್ಣು ತಿರುಗಿಸಿದ.

"ಅದಾ? ಅದು ನಾನೇ ಕಂಡಿಡ್ದಿದ್ದು ಕಣ್ಲಾ ಮಗ. ಬಾಳ ಕೆಟ್ಟ ಪಟ್ಟು. ಯಾರ್ಗೂ ಕಲಿಸ್ಬಾರ್ದು ಅಂತ ಆಣೆ ಆಗ್ಯದೆ. ನೀನೂ ಕೇಳ್ಬ್ಯಾಡ" ಎಂದ.

ನಿಂಗತ್ತೆ ನನ್ನ ರಟ್ಟೆ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದಳು. ಕಲ್ಲಿನ ಮೇಲೆ ಕೂರಿಸಿ, ಸೆರಗಿನಲ್ಲಿ ನನ್ನ ಮುಖ ಒರೆಸಿದಳು. ನಾನು ಅಳುತ್ತಿರಲಿಲ್ಲ, ಒರೆಸಬೇಕಾದ್ದು ಏನೂ ಇರಲಿಲ್ಲ.

"ಅಣ್ಣಯ್ಯ ಸುಳ್ಳು ಹೇಳ್ದ ಕನಪ್ಪ. ಅದು ಅವ್ನು ಆಕಿದ್ದಲ್ಲ, ಅವ್ನಿಗೆ ಆಕಿದ್ದು. ಆಕ್ದೋನು ನಿಮ್ಮಪ್ಪ. ಇಬ್ರೂ ಜೋಡಿ ಅಲ್ವಾ, ಬೆಳಿಗ್ಗೆ ಸಾಮು ಮಾಡ್ತಾ ಮಾಡ್ತಾ ಕೈ ತಪ್ಪೋಯ್ತು. ಯಾರ ತೆಪ್ಪೂ ಅಲ್ಲ. ಇನ್ನೊಂದ್ ಸತಿ ನಿಮ್ಮಪ್ಪನ ಮುಂದೆ ಆ ಎಸ್ರು ಎತ್ಬ್ಯಾಡ."

ಆಮೇಲೆ ನಾನು ಮೇಷ್ಟರಾಗಿ ಷಷ್ಠೀ ವಿಭಕ್ತಿಯನ್ನು ಎಷ್ಟು ಸಾವಿರ ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೋ. 'ಅ' ಪ್ರತ್ಯಯ, ಸಂಬಂಧಾರ್ಥ. ರಾಮನ ಬಾಣ, ಭೀಮನ ಗದೆ. ಯಾರಿಗೂ ಗೊಂದಲವಿಲ್ಲ. ಆದರೆ ಹುಲಿಯ ಬೇಟೆ ಎಂದರೆ ಹುಲಿ ಆಡಿದ್ದೋ, ಹುಲಿಯನ್ನೇ ಆಡಿದ್ದೋ? ಪ್ರತ್ಯಯಕ್ಕೆ ಅದು ಬೇಕಾಗಿಲ್ಲ. ಮಕ್ಕಳಿಗೆ ಈ ಉದಾಹರಣೆ ಕೊಡುವಾಗಲೆಲ್ಲ ನಾನು ಬೆನ್ನು ತಿರುಗಿಸಿ ಹಲಗೆ ಒರೆಸುತ್ತಾ ನಿಂತುಬಿಡುತ್ತಿದ್ದೆ. ಮೇಷ್ಟರಿಗೆ ಹುಲಿಯ ಮೇಲೆ ಅದೆಷ್ಟು ಕನಿಕರ ಎಂದು ಹುಡುಗರು ಹಿಂದೆ ಆಡಿಕೊಳ್ಳುತ್ತಿದ್ದರಂತೆ.

ದಾಸು ಮಾವ ಹಾಗೆ ಹತ್ತೊಂಬತ್ತು ವರ್ಷ ಮಲಗಿದ್ದ. ಅವನು ಬಿದ್ದ ವರ್ಷ ನಿಂಗತ್ತೆಗೆ ಮಾತುಕತೆಯಾಗಿತ್ತು, ಗಂಡು ಕೊಪ್ಪದ ಕಡೆಯವನು. ಮದುವೆಯಾಗಿ ಹೋದರೆ ಅಣ್ಣನನ್ನು ಯಾರು ನೋಡುತ್ತಾರೆ ಎಂದು ಮುಂದಕ್ಕೆ ಹಾಕಿದರು. ಮುಂದಕ್ಕೆ ಹಾಕಿದ್ದು ಹಾಗೇ ನಿಂತುಹೋಯಿತು. ಒಂದು ಮಳೆಗಾಲ ದಾಸು ಮಾವನಿಗೆ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿತು, ನಾಲ್ಕೇ ದಿನ. ಆಗ ನಾನು ಮದ್ದೂರಿನಲ್ಲಿ ಕೆಲಸಕ್ಕೆ ಸೇರಿ ಸ್ವಲ್ಪ ಕಾಲವಾಗಿತ್ತು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಅಪ್ಪನೇ ಹೆಣಕ್ಕೆ ನೀರು ಹಾಕಿ ಮುಗಿಸಿದ್ದ. ಒದ್ದೆ ಪಂಚೆಯಲ್ಲಿ ಜಗಲಿಯ ಮೇಲೆ ಕೂತಿದ್ದ.

ಅದಾದ ಮೇಲೆ ಅಪ್ಪ ಗರಡಿಯ ಬಾಗಿಲಿಗೆ ಮತ್ತೆ ತಲೆ ಬಗ್ಗಿಸಲಿಲ್ಲ. ಬೇಸಾಯ ಮಾಡಿಕೊಂಡಿದ್ದ. ವಯಸ್ಸಾದ ಮೇಲೆ, ಅವ್ವ ಹೋದ ಮೇಲೆ, ಮಂಡ್ಯಕ್ಕೆ ನಮ್ಮ ಮನೆಗೆ ಬಂದ. ಮೈ ಕುಗ್ಗಿತ್ತು, ನೆನಪು ಕುಗ್ಗಿರಲಿಲ್ಲ. ನನಗೂ ನಿವೃತ್ತಿಯಾಗಿತ್ತು. ನಿವೃತ್ತ ಕನ್ನಡ ಮೇಷ್ಟರಿಗೆ ಬರುವ ಕಾಯಿಲೆ ನನಗೂ ಬಂತು, ಏನಾದರೂ ಒಂದನ್ನು ಸಂಗ್ರಹಿಸಬೇಕು. ಗರಡಿಯ ಪಟ್ಟುಗಳ ಹೆಸರು, ಅವುಗಳ ಮೂಲ, ಅರ್ಥ, ಇವನ್ನೆಲ್ಲ ಬರೆದಿಡೋಣ ಎಂದು ಒಂದು ನೋಟುಬುಕ್ಕು ತಂದೆ. ಮಧ್ಯಾಹ್ನದ ಊಟವಾದ ಮೇಲೆ ಅಪ್ಪ ಮಹಡಿಯ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ನಾನು ಕೇಳುತ್ತಿದ್ದೆ, ಅವನು ಹೇಳುತ್ತಿದ್ದ. ಕೈ ಮೇಲೆತ್ತಲು ಆಗದಿದ್ದರೂ ಬೆರಳುಗಳಲ್ಲೇ ತೋರಿಸುತ್ತಿದ್ದ. ಎರಡು ವಾರದಲ್ಲಿ ನಲವತ್ತೊಂದು ಹೆಸರು ಆದವು. ಬೇಡದ್ದನ್ನು ಕೇಳದೆ ನಾನು ಜಾಣತನದಿಂದ ದಾಟಿಕೊಂಡು ಬಂದಿದ್ದೆ.

ನಲವತ್ತೊಂದು ಮುಗಿಸಿ ಪುಸ್ತಕ ಮುಚ್ಚುವಾಗ ಅಪ್ಪನೇ ಅಂದ.

"ಇನ್ನೊಂದ್ ಅದೆಯಲ್ಲ. ಬರ್ಕೊ. ದಾಸನ ಪಟ್ಟು."

"ಅದು ಬ್ಯಾಡ ಬುಡಪ್ಪ."

"ಬರ್ಕೊ ಅಂದ್ನಲ್ಲ. ಅರ್ತಾನೂ ಯೋಳ್ತೀನಿ."

ನಾನು ಪೆನ್ನಿನ ಮುಚ್ಚಳ ತೆಗೆದೆ. ಅಪ್ಪ ನನ್ನನ್ನು ನೋಡದೆ, ಎದುರು ಮನೆಯ ನೀರಿನ ಟ್ಯಾಂಕು ನೋಡುತ್ತಾ ಹೇಳಿದ. ಆ ವರ್ಷ ಮೈಸೂರಿನ ದೊಡ್ಡ ಜೋಡಿ ಕುಸ್ತಿಗೆ ಉಸ್ತಾದರು ದಾಸಪ್ಪನ ಹೆಸರು ಕೊಟ್ಟಿದ್ದರು. ಅಪ್ಪನಿಗೆ ತನ್ನ ಹೆಸರು ಬರುತ್ತದೆ ಎಂದಿತ್ತು. ಹೊರಗೆ ದಾಸಪ್ಪನ ಬೆನ್ನು ತಟ್ಟಿದ. ಒಳಗೆ ಉರಿ. ಅದೇ ವಾರ ಅಪ್ಪನಿಗೆ ಈ ಹೊಸ ಪಟ್ಟು ಹೊಳೆದಿತ್ತು. ತನ್ನ ಮೇಲೇ ಹಾಕಿ ನೋಡು ಎಂದವನು ದಾಸಪ್ಪನೇ.

"ಎರಡು ಸತಿ ಆಕಿ ಬುಟ್ಟೆ. ಮೂರ್ನೇ ಸತಿ ಸರ್ಯಾಗಿ ಕೂತ್ಕತು. ಸಾಮು ಮಾಡೋವಾಗ ತಡ್ಯಕ್ ಆಗ್ದಿದ್ರೆ ಕೈಲಿ ತಟ್ಬೇಕು, ತಟ್ಟಿದ್ ತಕ್ಸಣ ಬುಡ್ಬೇಕು. ಅದು ಗರಡಿ ಧರ್ಮ. ದಾಸ ತಟ್ದ. ನನ್ನ ತೊಡೆ ಮ್ಯಾಲೆ. ಮೂರ್ ಸತಿ."

ಪಕ್ಕದ ಮನೆಯ ಕುಕ್ಕರು ಕೂಗಿ ನಿಂತಿತು.

"ಕೇಳಿಸ್ನಿಲ್ವಾ ಅಪ್ಪ ನಿಂಗೆ?"

"ಕೇಳಿಸ್ತು. ಇನ್ನೊಂದ್ ಚಣ ಇಡ್ಕೊಳ್ಳಾವ ಅನ್ನಿಸ್ತು. ಯಾರು ದೊಡ್ಡೋನು ಅಂತ ಗೊತ್ತಾಗ್ಲಿ ಅನ್ನಿಸ್ತು. ಒಂದೇ ಚಣ ಕಣ್ಲಾ. ಕಬ್ಬಿನ ಗಿಣ್ಣು ಮುರ್ದಂಗೆ ಸದ್ದಾಯ್ತು. ನಾನು ಬುಟ್ಬುಟ್ಟೆ. ಅವ್ನು ಅಂಗೇ ಮಕಾಡೆ ಬಿದ್ದಿದ್ದೋನು, 'ಬೋರ, ನನ್ನ ಕಾಲೆಲ್ಲೋದ್ವು ನೋಡ್ಲಾ' ಅಂದ."

ನಾನು ಏನೂ ಬರೆದುಕೊಳ್ಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಕೇಳಿದೆ, "ದಾಸು ಮಾವಂಗೆ ಗೊತ್ತಿತ್ತಾ?"

"ತಟ್ಟಿದ್ದು ಅವ್ನ ಕೈ ಅಲ್ವೇನ್ಲಾ" ಎಂದ ಅಪ್ಪ. "ಆಸ್ಪತ್ರೆಯಿಂದ ಬಂದ್ಮ್ಯಾಕೆ ಕೇಳ್ದ. ಆ ಪಟ್ಗೇನ್ಲಾ ಎಸ್ರು ಮಡ್ಗಿದ್ದೀಯೆ ಅಂದ. ಎಸ್ರಿಲ್ಲ ಅಂದೆ. ಗರಡಿ ಉಡುಗ್ರು ಸುಮ್ಕಿರಾಕಿಲ್ಲ, ಬೋರನ ಪಟ್ಟು ಅಂದ್ಬುಡ್ತಾರೆ, ನೀ ಸಾಯೋಗಂಟ ಅದು ಅಂಟ್ಕತದೆ. ನನ್ನೆಸ್ರು ಇಡು ಅಂದ. ಉಸ್ತಾದ್ರಿಗೂ ಅವ್ನೇ ಯೋಳ್ಕಳಿಸ್ದ. ಅಷ್ಟೇ. ಯಾಕ್ ಬುಡ್ನಿಲ್ಲ ನೀನು ಅಂತ ಒಂದಿನಾನೂ ಕೇಳ್ನಿಲ್ಲ. ಪ್ರತಿ ಸನಿವಾರ ಇವತ್ತು ಕೇಳ್ತಾನೆ ಅನ್ಕಂಡೇ ಓಗ್ತಿದ್ದೆ. ಕೇಳ್ನಿಲ್ಲ."

ನಿಂಗತ್ತೆಗೆ ಗೊತ್ತೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ. ಅವಳಿಗೆ ತಾನೇ ಹೇಳಬೇಕಾಗಿತ್ತು, ಧೈರ್ಯ ಬರಲಿಲ್ಲ ಎಂದ. ಆಮೇಲೆ, "ನೀನು ಓದ್ದೋನು. ನಾನು ಸತ್ಮ್ಯಾಕೆ ನೀನಾರ ಯೋಳು" ಎಂದು ಕಣ್ಣು ಮುಚ್ಚಿಕೊಂಡ. ಆ ನೋಟುಬುಕ್ಕನ್ನು ಆಮೇಲೆ ನಾವಿಬ್ಬರೂ ತೆರೆಯಲಿಲ್ಲ.

ಅಪ್ಪ ಹೋದ ವರ್ಷ ತೀರಿಕೊಂಡ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಎರಡು ವಾರ ಬಿಟ್ಟು ನಾನು ಕಿರುಗಾವಲಿಗೆ ಹೋದೆ. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಕೂತವನು ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತಿದ್ದೆ. ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು. ನಿಂಗತ್ತೆ ಈಗ ಎಂಬತ್ತರ ಆಚೆ. ಅಕ್ಕಪಕ್ಕದವರು ಒಂದು ಹೊತ್ತು ಸಾರು ತಂದುಕೊಡುತ್ತಾರೆ. ಹೆಂಚು ತೆಗೆದು ತಗಡು ಹಾಕಿಸಿದ್ದಾರೆ. ಒಳಗೆ ಕಾದ ಶಾಖ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು, ತಾನು ಕಡೆಗಳಿಗೆಯಲ್ಲಿ ಮುಖ ನೋಡಲು ಬರಲಾಗಲಿಲ್ಲ ಎಂದು.

"ಅತ್ತೆ, ನಿನ್ನತ್ರ ಒಂದ್ ಮಾತು ಹೇಳ್ಬೇಕು ಅಂತ ಬಂದೆ" ಎಂದೆ.

"ಹೇಳೀವಂತೆ ಇರು. ಕಾಪಿ ಕಾಸ್ತೀನಿ" ಎಂದು ಎದ್ದಳು. ಗ್ಯಾಸ್ ಒಲೆಯ ಮುಂದೆ ನಿಂತು ನನಗೆ ಬೆನ್ನು ಹಾಕಿಯೇ ಮಾತಾಡಿದಳು. "ನಿಮ್ಮಪ್ಪನಂತ ಮನ್ಸ ಇಲ್ಲ ಕನಪ್ಪ. ಕೈ ತಪ್ಪಿ ಆದದ್ಕೆ ಒಂದ್ ಸನಿವಾರ ತಪ್ಸ್ನಿಲ್ಲ. ಮದ್ವೆ ಇಲ್ಲ, ಮಕ್ಳಿಲ್ಲ, ಇಂಗಾಗೋಯ್ತಲ್ಲ ನನ್ ಬಾಳು ಅಂತ ಒಂದೊಂದ್ ದಿನ ಒಟ್ಟೆ ಉರೀತದೆ. ಆಗ ಅಂದ್ಕತೀನಿ, ಯಾರೂ ಬೇಕಂತ ಮಾಡ್ನಿಲ್ಲ, ದೇವ್ರು ಬರ್ದಿದ್ದ, ಆಯ್ತು. ಅದೊಂದ್ ಅಂದ್ಕಂಡ್ರೆ ಸಮಾದಾನ ಆಯ್ತದೆ." ಲೋಟ ತಂದು ನನ್ನ ಕೈಗಿಟ್ಟು ಎದುರಿಗೆ ಕೂತಳು. "ಈಗ ಹೇಳಪ್ಪ. ಏನೋ ಹೇಳ್ಬೇಕು ಅಂದ್ಯಲ್ಲ."

ನಾನು ಕಾಫಿ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. "ಚಂದನ ನಿನ್ನ ನೋಡ್ಬೇಕು ಅಂತಿದ್ದಳು, ರಜಾಕ್ಕೆ ಕರ್ಕೊಂಡು ಬರ್ತೀನಿ" ಎಂದೆ. "ಕರ್ಕಂಡ್ ಬಾ, ಕರ್ಕಂಡ್ ಬಾ" ಎಂದು ಅವಳ ಮುಖ ಅರಳಿತು.

ಬಸ್ ನಿಲ್ದಾಣದಲ್ಲಿ ಬಂದು ಕೂತೆ. ಮಳವಳ್ಳಿಯ ಬಸ್ಸು ಒಂದು ಬಂತು, ಹೋಯಿತು. ಎರಡನೆಯದೂ ಹೋಯಿತು. ವಾಪಸ್ಸು ಹೋಗಿ ಹೇಳಿಬಿಡಲೇ ಎಂದು ಎರಡು ಸಲ ಎದ್ದೆ, ಎರಡು ಸಲ ಕೂತೆ. ಸತ್ತವನು ಹೇಳಿಹೋದ ಮಾತು ದೊಡ್ಡದೋ, ಬದುಕಿರುವವಳ ಸಮಾಧಾನ ದೊಡ್ಡದೋ, ನನ್ನ ಓದು ನನಗೆ ಹೇಳಿಕೊಡಲಿಲ್ಲ. ಮೂರನೆಯ ಬಸ್ಸು ಹತ್ತಿ ಬಂದುಬಿಟ್ಟೆ. ಆಮೇಲೂ ಎರಡು ಸಲ ಹೋಗಿದ್ದೇನೆ, ಕಾಫಿ ಕುಡಿದು ಬಂದಿದ್ದೇನೆ.

ಅಪ್ಪ ಹೇಳು ಎಂದದ್ದನ್ನು ಎಲ್ಲಾದರೂ ಹೇಳಲೇಬೇಕಾಗಿತ್ತು. ಹಾಗಾಗಿ ಇಲ್ಲಿ ಬರೆದಿದ್ದೇನೆ. ನಿಂಗತ್ತೆಗೆ ಓದಲು ಬರುವುದಿಲ್ಲ.